ಊರಿನ ಸರಾಸರಿಯೂ ಮನೆಯ ರೊಟ್ಟಿಯೂ

ಮಳೆ ಕೈಕೊಟ್ಟ ಒಂದು ವರ್ಷ ನಮ್ಮ ಮಡ್ಡಿ ಹೊಲದ ಜೋಳ ತೆನೆ ಹಿಡಿಯಲಿಲ್ಲ. ಕೈಗೆ ಬಂದದ್ದು ಕಣಿಕೆ ಮಾತ್ರ. ಹಳ್ಳದ ದಂಡೆಯ ಬಾವಿ ಹೊಲಗಳು ಬೆಳೆದಿದ್ದವು. ಬರದ ಅಂದಾಜಿಗೆ ಆಗ ನೋಡುತ್ತಿದ್ದ ಪೈಸೇವಾರಿ ಇಡೀ ಊರಿನ ಬೆಳೆಯ ಸರಾಸರಿ. ಅದು ಐವತ್ತು ಪೈಸೆ ದಾಟಿತು. ನಮ್ಮ ಮಡ್ಡಿಯ ಬರ ಆ ಲೆಕ್ಕದಲ್ಲಿ ಮುಚ್ಚಿಹೋಯಿತು.

ಅಂದಿನಿಂದ ನಾವು ಶಾಲೆಯ ಮಕ್ಕಳಿಗೆ ಈ ಲೆಕ್ಕ ಕೊಡುತ್ತೇವೆ. ಊರಲ್ಲಿ ಹತ್ತು ಒಕ್ಕಲು. ಒಬ್ಬನಿಗೆ 41 ಎಕರೆ, ಉಳಿದ ಒಂಬತ್ತು ಮಂದಿಗೆ ಒಂದೊಂದು ಎಕರೆ. ಸರಾಸರಿ 5 ಎಕರೆ. ಲೆಕ್ಕ ಸರಿ, ಆದರೆ ಆ ಊರಲ್ಲಿ 5 ಎಕರೆಯ ಒಕ್ಕಲಿಗನು ಒಬ್ಬನೂ ಇಲ್ಲ!

ಸಂಪತ್ತಿನ ಹಂಚಿಕೆಯನ್ನು ಅಭ್ಯಸಿಸುವ ಅರ್ಥಶಾಸ್ತ್ರಜ್ಞರು ಹಿಡಿದದ್ದು ಇದೇ ಗಂಟನ್ನು. 1905ರಲ್ಲಿ ಅಮೇರಿಕದ ಮ್ಯಾಕ್ಸ್ ಲೊರೆಂಝ್ ಅವರು ಬಡವನಿಂದ ಮೊದಲುಮಾಡಿ ಎಲ್ಲರನ್ನೂ ಸಾಲಾಗಿ ಎಣಿಸಿ, ಇಷ್ಟು ಜನರ ಪಾಲು ಇಷ್ಟು ಎಂದು ಗೆರೆ ಎಳೆದು ತೋರಿಸಿದರು. ನಮ್ಮ ಲೆಕ್ಕದ ಊರಲ್ಲಿ ನೂರಕ್ಕೆ 90 ಒಕ್ಕಲುಗಳ ಪಾಲು ಬರೀ 18. ಇಟಲಿಯ ಕೊರಾಡೊ ಜಿನಿ ಅವರು 1912ರಲ್ಲಿ ಈ ಅಂತರಕ್ಕೆ ಒಂದು ಅಂಕೆ ಕೊಟ್ಟರು. ಎಲ್ಲರಿಗೂ ಸಮನಾದರೆ ಸೊನ್ನೆ. ಎಲ್ಲವೂ ಒಬ್ಬನ ಕೈ ಸೇರಿದಷ್ಟೂ ಒಂದರ ಸಮೀಪ. ನಮ್ಮ ಊರಿಗೆ ಅದು 0.72.

ನಮ್ಮ ಸೀಮೆಗೆ ಹತ್ತಿರದ ಅಭ್ಯಾಸಗಳೂ ಇವೆ. ಪುಣೆಯ ಹತ್ತಿರದ ಪಿಂಪಳೆ ಸೌದಾಗರ ಎಂಬ ಹಳ್ಳಿಯನ್ನು ಡಾ. ಹೆರಾಲ್ಡ್ ಮ್ಯಾನ್ ಅವರು ಶೋಧಿಸಿ 1917ರಲ್ಲಿ ಪುಸ್ತಕ ಬರೆದರು. 1771ರಲ್ಲಿ ಅಲ್ಲಿ ಒಂದು ಹಿಡುವಳಿ ಸರಾಸರಿ 40 ಎಕರೆ. 1915ರ ಸುಮಾರಿಗೆ 7 ಎಕರೆ. ಪಾಲು ಪಾಲಾಗಿ ಒಡೆದದ್ದರ ಫಲವಿದು. ಮರುವರ್ಷ, 1918ರಲ್ಲಿ, ಡಾ. ಬಾಬಾಸಾಹೇಬ ಅಂಬೇಡಕರರು ಚಿಕ್ಕ ಹಿಡುವಳಿಗಳ ಮೇಲೆ ಲೇಖನ ಬರೆದು ಬೇರೊಂದು ಮಾತು ಮುಂದಿಟ್ಟರು. ಹೊಲ ಚಿಕ್ಕದಿರುವುದೊಂದೇ ರೋಗವಲ್ಲ. ಅದಕ್ಕೆ ತಕ್ಕ ಬಂಡವಾಳ, ಸಲಕರಣೆಗಳಿಲ್ಲ, ನೆಲದ ಮೇಲೆ ಜನರ ಭಾರ ಹೆಚ್ಚು. ಕೈಗಾರಿಕೆ ಬೆಳೆದು ಆ ಭಾರ ಇಳಿಯಬೇಕು ಎಂದರು.

ರೈತ ಬಾಂಧವರೇ, ಅಂಕೆ ತಿಳಿದರೆ ಮಳೆ ಬಾರದು, ನಿಜ. ಆದರೆ ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಊರಿನ ಸರಾಸರಿ ಹೇಳಿದರೆ, ಎರಿ ಎಷ್ಟು, ಮಡ್ಡಿ ಎಷ್ಟು, ನೀರಿದ್ದವರು ಎಷ್ಟು, ಇಲ್ಲದವರು ಎಷ್ಟು ಎಂದು ಬಿಡಿಸಿ ಕೇಳೋಣ. ಆ ವರ್ಷ ನಾವು ಕೇಳಲಿಲ್ಲ. ಸರಾಸರಿಯಿಂದ ಯಾರ ಮನೆಯಲ್ಲೂ ರೊಟ್ಟಿ ಬೇಯುವುದಿಲ್ಲ.