ಹೊಟ್ಟೆಹುಣ್ಣು: ಮಾತ್ರೆ ನುಂಗಿ ಮರೆಯುವ ಕಾಯಿಲೆಯಲ್ಲ

ಮುಂಬಯಿ: ಹೊಟೇಲು, ಕ್ಯಾಂಟೀನು, ರಾತ್ರಿ ಪಾಳಿ ಎಂದು ದುಡಿಯುವ ನಮ್ಮವರಿಗೆ ಹೊಟ್ಟೆ ಉರಿ ಹೊಸತಲ್ಲ. 'ಹೊತ್ತು ಮೀರಿ ಉಂಡದ್ದಕ್ಕೆ ಹೀಗಾಯಿತು' ಎಂದು ಮೆಡಿಕಲ್ ಸ್ಟೋರಿನ ಆ್ಯಸಿಡಿಟಿ ಮಾತ್ರೆ ನುಂಗಿ ಸುಮ್ಮನಾಗುವವರೇ ಹೆಚ್ಚು.

ಹುಣ್ಣಿಗೆ ಆಮ್ಲ, ಚಿಂತೆಯೇ ಕಾರಣವೆಂದು ವೈದ್ಯಲೋಕವೂ ಒಮ್ಮೆ ನಂಬಿತ್ತು. ಆಸ್ಟ್ರೇಲಿಯಾದ ಪರ್ತ್ ನಗರದ ವೈದ್ಯರಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್, ಎಂಡೋಸ್ಕೋಪಿಯಿಂದ ತೆಗೆದ ಜಠರದ ಚೂರುಗಳಿಂದ 1982ರಲ್ಲಿ ಒಂದು ಬ್ಯಾಕ್ಟೀರಿಯಾವನ್ನು ಬೆಳೆಸಿದರು. ಅದೇ ಹೆಲಿಕೋಬ್ಯಾಕ್ಟರ್ ಪೈಲೋರಿ. ಹಲವರು ನಂಬದಾಗ, 1984ರಲ್ಲಿ ಮಾರ್ಷಲ್ ಆ ರೋಗಾಣುವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು. ಎಂಡೋಸ್ಕೋಪಿಯಲ್ಲಿ ಜಠರದ ಉರಿಯೂತ ಕಂಡಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಸಂದಿತು.

ಈ ರೋಗಾಣುವಿನಿಂದ ಬಂದ ಹುಣ್ಣು ಆಮ್ಲ ತಗ್ಗಿಸುವ ಮಾತ್ರೆಯಿಂದ ಮಾತ್ರ ಮಾಯ್ದರೂ ಮರುಕಳಿಸಬಹುದು. ಆಂಟಿಬಯೋಟಿಕ್ ಸೇರಿದ, ಸಾಮಾನ್ಯವಾಗಿ 14 ದಿನಗಳ ಚಿಕಿತ್ಸೆಯನ್ನು ಪೂರ್ತಿ ಮಾಡಿದರೆ ಬಹುಪಾಲು ಮಂದಿ ಗುಣವಾಗುತ್ತಾರೆ. ನೋವು ಹೋಯಿತೆಂದು ನಡುವೆ ನಿಲ್ಲಿಸಿದರೆ ರೋಗಾಣು ಉಳಿದುಬಿಡಬಹುದು. ಕೀಲುನೋವಿನ ಮಾತ್ರೆಗಳನ್ನು ಮನಬಂದಂತೆ ನುಂಗುವುದರಿಂದಲೂ ಹುಣ್ಣಾಗುತ್ತದೆ.

ಹುಣ್ಣಿನಿಂದ ರಕ್ತ ಸುರಿದರೂ ಈಗ ಹೆಚ್ಚಿನವರಿಗೆ ಹೊಟ್ಟೆ ಕೊಯ್ಯಬೇಕಿಲ್ಲ. ಬಾಯಿಯ ಮೂಲಕ ಇಳಿಸಿದ ಎಂಡೋಸ್ಕೋಪಿನಿಂದಲೇ ಕ್ಲಿಪ್ ಹಾಕಿ ಇಲ್ಲವೇ ಬಿಸಿ ಕೊಟ್ಟು ರಕ್ತ ನಿಲ್ಲಿಸುತ್ತಾರೆ. ಆದರೆ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಬೇಕು.

ಮಲ ಡಾಮರಿನಂತೆ ಕಪ್ಪಾದರೆ, ರಕ್ತವಾಂತಿಯಾದರೆ ತಡ ಮಾಡಬೇಡಿ. ಕಾರಣವಿಲ್ಲದೆ ತೂಕ ಇಳಿದರೆ, ನುಂಗಲು ಕಷ್ಟವಾದರೆ ವೈದ್ಯರನ್ನು ಕಾಣಿರಿ. ನಮ್ಮ ಸಂಘ ಸಂಸ್ಥೆಗಳು ಆರೋಗ್ಯ ಶಿಬಿರಗಳಲ್ಲಿ ಬಿ.ಪಿ., ಶುಗರ್ ಜೊತೆಗೆ ಈ ಮಾತನ್ನೂ ಸದಸ್ಯ ಬಾಂಧವರ ಕಿವಿಗೆ ಹಾಕಲಿ.