ಕಾಡಿನಿಂದ ಬದುಕಿ ಬಂದವರ ಮಾತನ್ನು ನಂಬಬಹುದೇ?

ಘಟ್ಟದ ಅಂಚಿನಲ್ಲಿ ತೋಟ ಮಾಡಿಕೊಂಡಿರುವ ನಮ್ಮ ಸದಸ್ಯರಿಗೆ, ಕಾಡಿನಲ್ಲಿ ದಾರಿ ತಪ್ಪುವುದು ಹೊಸ ಸಂಗತಿಯೇನಲ್ಲ. ತಪ್ಪಿಸಿಕೊಂಡ ದನ ಹುಡುಕಲು ಹೋದವರು, ರಾಮಪತ್ರೆ ಆಯಲು ಹೋದವರು, ಈಚಿನ ವರ್ಷಗಳಲ್ಲಿ ಪೇಟೆಯಿಂದ ಬೆಟ್ಟ ಹತ್ತಲು ಬರುವ ಹುಡುಗರು, ಹೀಗೆ ಯಾರಾದರೂ ಹಿಂದಿರುಗದಿದ್ದರೆ ಪೊಲೀಸರು, ಅರಣ್ಯ ಇಲಾಖೆಯವರ ಜತೆಗೆ ಟಾರ್ಚು, ಕತ್ತಿ ಹಿಡಿದು ಹೊರಡಬೇಕಾದವರು ಬೆಟ್ಟದ ಬುಡದ ತೋಟದವರೇ.

ಇಂಥ ಸಂದರ್ಭದಲ್ಲಿ ಎರಡು ಮಾತು ಕೇಳಿಬರುವುದುಂಟು. ಎರಡು ಮೂರು ದಿನ ಕಳೆದ ಮೇಲೆ, “ಇನ್ನೆಲ್ಲಿ ಬದುಕಿರುತ್ತಾನೆ, ಹುಡುಕಿ ಪ್ರಯೋಜನವಿಲ್ಲ” ಎಂಬುದು ಒಂದು. ಆತ ಜೀವಸಹಿತ ಸಿಕ್ಕಿದ ಮೇಲೆ, “ಇಷ್ಟು ದಿನ ಕಾಡಿನಲ್ಲೇ ಇದ್ದನೆಂದರೆ ನಂಬುವ ಮಾತೇ?” ಎಂಬುದು ಇನ್ನೊಂದು. ಮೊದಲನೆಯದರಿಂದ ಹುಡುಕಾಟ ನಿಂತು ಒಂದು ಜೀವ ಹೋಗಬಹುದು. ಎರಡನೆಯದರಿಂದ ಉಳಿದು ಬಂದವನ ಮಾನ ಹೋಗಬಹುದು. ಆದಕಾರಣ ಈ ಅನುಮಾನಗಳಲ್ಲಿ ಹುರುಳೆಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಹಿಮಾಲಯದಲ್ಲಿ 43 ದಿನ

ಇದಕ್ಕೆ ತಕ್ಕ ಉದಾಹರಣೆ ಜೇಮ್ಸ್ ಸ್ಕಾಟ್ ಎಂಬವರದು. ಇವರು ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ವೈದ್ಯಕೀಯ ವಿದ್ಯಾರ್ಥಿ. ಆಗ ವಯಸ್ಸು 22. ತರಬೇತಿಗೆಂದು ಕಠ್ಮಂಡುವಿಗೆ ಬಂದಿದ್ದವರು 1991ರ ಡಿಸೆಂಬರಿನಲ್ಲಿ ಉತ್ತರದ ಗೋಸಾಯಿಕುಂಡ, ಹೇಲಂಬು ಕಡೆಯ ಬೆಟ್ಟದ ಹಾದಿ ಹಿಡಿದರು. ದಾರಿಯಲ್ಲಿ ಹಿಮ ಬೀಳಲು ಆರಂಭವಾಯಿತು. ಮುಂದೆ ಹೋಗುವುದು ಬೇಡವೆಂದು ಹಿಂದಿರುಗುವಾಗ ಕಾಲುದಾರಿ ಹಿಮದಲ್ಲಿ ಮುಚ್ಚಿಹೋಗಿತ್ತು. ತೊರೆಯ ಜಾಡು ಹಿಡಿದು ಇಳಿದರೆ ಊರು ಸಿಕ್ಕೀತೆಂದು ಇಳಿದವರು, ಮುಂದೆ ಹೋಗಲೂ ಆಗದ, ಮೇಲೆ ಹತ್ತಲೂ ಆಗದ ಕಮರಿಯಲ್ಲಿ ಸಿಕ್ಕಿಬಿದ್ದರು.

ಕೊನೆಗೆ ಬಂಡೆಯ ಮರೆಯೊಂದರಲ್ಲಿ ನೆಲೆ ಹಿಡಿದರು. ಕೈಯಲ್ಲಿದ್ದ ತಿನಿಸೆಂದರೆ ಎರಡು ಚಾಕೊಲೇಟು. ಅದು ಬೇಗ ಮುಗಿಯಿತು. ಅನಂತರ ಹೊಟ್ಟೆಗೆ ಸಿಕ್ಕಿದ್ದು ಹಿಮದ ಉಂಡೆ ಮತ್ತು ಒಂದು ಕಂಬಳಿಹುಳು. ಮೈ ಬೆಚ್ಚಗಿಡಲು ಮಲಗುವ ಚೀಲವೊಂದಿತ್ತು.

ಅತ್ತ ಇವರ ಅಕ್ಕ ಜೋನ್ ರಾಬರ್ಟ್‌ಸನ್ ಹುಡುಕಾಟದ ಹೊಣೆ ಹೊತ್ತರು. ವಾರಗಳು ಉರುಳಿದಂತೆ ಬದುಕಿರುವ ಆಸೆ ಬಿಡಿರೆಂದು ಹೇಳುವವರೇ ಹೆಚ್ಚಾದರು. ಆಕೆ ಬಿಡಲಿಲ್ಲ. 1992ರ ಫೆಬ್ರವರಿ 2ರಂದು, ಅಂದರೆ 43ನೆಯ ದಿನ, ಹುಡುಕಾಟದ ಹೆಲಿಕಾಪ್ಟರಿನವರ ಕಣ್ಣಿಗೆ ಸ್ಕಾಟ್ ಬಿದ್ದರು. ಜೀವವಿತ್ತು.

ಪ್ರಾಣ ಉಳಿಯಿತೆಂದು ಸಂತೋಷಪಟ್ಟಷ್ಟೇ ವೇಗದಲ್ಲಿ ಅನುಮಾನದ ಮಾತುಗಳೂ ಹರಡಿದವು. ಹಿಮಾಲಯದ ಚಳಿಗಾಲದಲ್ಲಿ ಊಟವಿಲ್ಲದೆ ಆರು ವಾರ ಯಾರು ಬದುಕುತ್ತಾರೆ? ಕಥೆಯನ್ನು ಟೆಲಿವಿಷನ್‌ನವರಿಗೆ ಮಾರಿ ಹಣ ಮಾಡುವ ಉಪಾಯವಲ್ಲವೇ? ಚಾಕೊಲೇಟಿನ ವಿಷಯವಂತೂ ಅವರ ದೇಶದಲ್ಲಿ ನಗೆಚಾಟಿಕೆಯೇ ಆಗಿಹೋಯಿತು.

ಹಸಿದ ದೇಹದ ಜಮಾಖರ್ಚು

ತೋಟದ ಲೆಕ್ಕ ಬರೆಯುವ ನಮಗೆ ಜಮಾಖರ್ಚಿನ ಭಾಷೆ ಚೆನ್ನಾಗಿ ತಿಳಿಯುತ್ತದೆ. ಅದೇ ಕ್ರಮದಲ್ಲಿ ಇದನ್ನೂ ನೋಡೋಣ.

ಸುಮ್ಮನೆ ಮಲಗಿರುವ ಯುವಕನ ದೇಹ ದಿನಕ್ಕೆ ಸುಮಾರು 1500 ಕ್ಯಾಲೊರಿ ಖರ್ಚು ಮಾಡುತ್ತದೆಂದು ಇಟ್ಟುಕೊಳ್ಳೋಣ. 43 ದಿನಕ್ಕೆ ಅದು 64,500 ಆಯಿತು. ಹಿಮ ತಿಂದು ನೀರಡಿಕೆ ತೀರಿಸಿಕೊಳ್ಳುವುದಕ್ಕೂ ಬೆಲೆಯುಂಟು. ಒಂದು ಕಿಲೊ ಹಿಮ ಕರಗಲು 80 ಕ್ಯಾಲೊರಿ, ಕರಗಿದ ನೀರು ಮೈಯ ಬಿಸಿಗೆ ಬರಲು 37 ಕ್ಯಾಲೊರಿ, ಒಟ್ಟು 117. ದಿನಕ್ಕೆ ಒಂದು ಕಿಲೊ ಎಂದರೂ 43 ದಿನಕ್ಕೆ ಐದು ಸಾವಿರದಷ್ಟು. ಎರಡೂ ಸೇರಿ ಸುಮಾರು 70,000 ಕ್ಯಾಲೊರಿ ಖರ್ಚು. ಚಳಿಯ ನಡುಕ ಇದರ ಮೇಲೆ.

ಜಮೆಯ ಕಡೆಗೆ ಬಂದರೆ, ಮೈಯಲ್ಲಿರುವ ಒಂದು ಕಿಲೊ ಕೊಬ್ಬಿನಿಂದ ಸುಮಾರು 7,700 ಕ್ಯಾಲೊರಿ ಸಿಗುತ್ತದೆ. ಒಂಬತ್ತು ಹತ್ತು ಕಿಲೊ ಕೊಬ್ಬು ಇದ್ದವನಿಗೆ ಲೆಕ್ಕ ಸರಿಸುಮಾರು ತೂಗುತ್ತದೆ. ಗಟ್ಟಿಮುಟ್ಟಾದ ಯುವಕನ ಮೈಯಲ್ಲಿ ಅಷ್ಟು ಇರುವುದು ಸಹಜ. ಸಾಲದ್ದನ್ನು ದೇಹವು ಸ್ನಾಯುಗಳಿಂದ ತೆಗೆದುಕೊಳ್ಳುತ್ತದೆ. ಹಾಗಾಗಿ ಇಂಥವರು ಮೂಳೆ ಚಕ್ಕಳವಾಗಿ ಸಿಗುತ್ತಾರೆ.

ಮಿದುಳಿಗೆ ಸಕ್ಕರೆಯ ಅಂಶವೇ ಬೇಕು, ಅದಿಲ್ಲದೆ ಅದು ನಡೆಯದು ಎಂದು ಹಿಂದೆ ತಿಳಿದಿದ್ದರು. ಉಪವಾಸ ಮುಂದುವರಿದಂತೆ ಕೊಬ್ಬಿನಿಂದ ಹುಟ್ಟುವ ಕೀಟೋನ್ ಎಂಬ ವಸ್ತುಗಳನ್ನು ಮಿದುಳು ಉರುವಲಾಗಿ ಬಳಸುತ್ತದೆಂದು ಅಮೆರಿಕದ ಜಾರ್ಜ್ ಕೇಹಿಲ್ ಮತ್ತು ಸಂಗಡಿಗರು 1967ರಲ್ಲಿ ತೋರಿಸಿಕೊಟ್ಟರು. ಇದರಿಂದ ಸ್ನಾಯು ಕರಗುವುದು ನಿಧಾನವಾಗುತ್ತದೆ.

ನಮ್ಮ ದೇಶದ ಚರಿತ್ರೆಯಲ್ಲೇ ಇದಕ್ಕೆ ಸಾಕ್ಷಿಗಳಿವೆ. ಲಾಹೋರ್ ಜೈಲಿನಲ್ಲಿ ನಿರಶನ ಹೂಡಿದ ಜತೀಂದ್ರನಾಥ ದಾಸ್ 63ನೆಯ ದಿನ, 1929ರ ಸೆಪ್ಟೆಂಬರ್ 13ರಂದು ತೀರಿಕೊಂಡರು. ಆಂಧ್ರ ರಾಜ್ಯಕ್ಕಾಗಿ ಉಪವಾಸ ಕೂತ ಪೊಟ್ಟಿ ಶ್ರೀರಾಮುಲು 1952ರ ಡಿಸೆಂಬರಿನಲ್ಲಿ ಪ್ರಾಣ ಬಿಟ್ಟದ್ದು 58 ದಿನಗಳ ನಂತರ. ಐರ್ಲೆಂಡಿನ ಬಾಬಿ ಸ್ಯಾಂಡ್ಸ್ 1981ರಲ್ಲಿ 66 ದಿನ ಉಳಿದಿದ್ದರು. ಇವರೆಲ್ಲ ಸೂರಿನ ಕೆಳಗೆ ಇದ್ದವರು, ಸ್ಕಾಟ್ ಹಿಮದ ನಡುವೆ ಇದ್ದವರು ಎಂಬ ವ್ಯತ್ಯಾಸ ನಿಜ. ಆದರೆ ನೀರು, ಗಾಳಿಮಳೆ ತಾಗದ ಮರೆ, ಬೆಚ್ಚನೆಯ ಹೊದಿಕೆ, ಅಲೆದಾಡದೆ ಇರುವ ವಿವೇಕ, ಈ ನಾಲ್ಕೂ ಅವರಿಗೆ ಒದಗಿದ್ದವು. ಅಂಚಿನವರೆಗೆ ಹೋಗಿ ಬಂದರೆಂಬುದು ಸರಿ, ಆಗದ ಮಾತಲ್ಲ. ಮುಂದೆ ಅವರು ಮನೋವೈದ್ಯರಾದರು. ಅಕ್ಕ ತಮ್ಮ ಕೂಡಿ ಈ ಅನುಭವವನ್ನು ಪುಸ್ತಕವಾಗಿಯೂ ಬರೆದರು.

ಇನ್ನೆರಡು ಪ್ರಸಂಗಗಳು

2009ರ ಜುಲೈ ತಿಂಗಳಲ್ಲಿ ಆಸ್ಟ್ರೇಲಿಯಾದ ಬ್ಲೂ ಮೌಂಟನ್ಸ್ ಎಂಬ ಬೆಟ್ಟಸಾಲಿನಲ್ಲಿ 19 ವರ್ಷದ ಇಂಗ್ಲಿಷ್ ಯುವಕನೊಬ್ಬ ಕಾಣೆಯಾದ. ಅಲ್ಲಿಗೆ ಅದು ಚಳಿಗಾಲ. ಮೊಬೈಲ್ ಫೋನನ್ನು ತಂಗಿದ್ದ ಕಡೆಯಲ್ಲೇ ಬಿಟ್ಟು ಹೋಗಿದ್ದ. 12 ದಿನಗಳ ಮೇಲೆ ಇಬ್ಬರು ಚಾರಣಿಗರಿಗೆ ಸಿಕ್ಕಿದ. ಮಗನ ಆಸೆ ಬಿಟ್ಟು ತಂದೆ ಊರಿಗೆ ಮರಳಲು ಹೊರಟಿದ್ದಾಗ ಸುದ್ದಿ ಬಂತು. ಸೊಪ್ಪು, ಬೀಜ ತಿಂದು ಉಳಿದೆನೆಂದು ಹುಡುಗ ಹೇಳಿದ. ಟೆಲಿವಿಷನ್‌ನವರು ಹಣ ಕೊಟ್ಟು ಕಥೆ ಕೊಂಡರೆಂದು ತಿಳಿದದ್ದೇ ತಡ, ಎಲ್ಲವೂ ನಾಟಕವೆಂಬ ಪುಕಾರು ಎದ್ದಿತು. ಮೇಲಿನ ಲೆಕ್ಕದಂತೆ ನೋಡಿದರೆ ಕುಡಿಯಲು ನೀರಿದ್ದ ಯುವಕನಿಗೆ 12 ದಿನದ ಹಸಿವು ಪ್ರಾಣಕ್ಕೆ ಎರವಾಗುವಂಥದ್ದಲ್ಲ. ಅಪಾಯವಿದ್ದದ್ದು ಚಳಿಯಿಂದ.

2020ರ ಅಕ್ಟೋಬರಿನಲ್ಲಿ ಅಮೆರಿಕದ ಜಾಯನ್ ರಾಷ್ಟ್ರೀಯ ಉದ್ಯಾನದಲ್ಲಿ ಇಂಥದ್ದೇ ಇನ್ನೊಂದು ನಡೆಯಿತು. ಆರನೆಯ ತಾರೀಕು ಕಾಣೆಯಾದ ಮಹಿಳೆ 18ನೆಯ ತಾರೀಕು ಹೊಳೆಯ ಬಳಿ ಸಿಕ್ಕರು. ತಲೆಗೆ ಪೆಟ್ಟು ಬಿದ್ದು ಹೆಚ್ಚು ನಡೆಯಲಾಗದೆ ಹೊಳೆಯ ಹತ್ತಿರವೇ ಇದ್ದರೆಂದು ಮನೆಯವರು ಹೇಳಿದರು. ಆ ಹೊಳೆಯಲ್ಲಿ ವಿಷಕಾರಿ ಪಾಚಿ ಇರುವುದಾಗಿ ಆ ವರ್ಷ ಎಚ್ಚರಿಕೆ ಹೊರಟಿತ್ತು. ಅದನ್ನು ಕುಡಿದವರು ಹೇಗೆ ಉಳಿದರು, ಅಷ್ಟೊಂದು ಸುಲಭವಾಗಿ ಹೇಗೆ ನಡೆದು ಬಂದರು ಎಂದು ಹುಡುಕಾಟದ ಅಧಿಕಾರಿಯೇ ಪ್ರಶ್ನೆ ಎತ್ತಿದರು. ಹುಡುಕಾಟಕ್ಕೆಂದು ಜನರಿಂದ ಸಂಗ್ರಹವಾದ ಹಣದ ಮಾತೂ ಬಂತು. ನೀರನ್ನು ನುಂಗದೆ ಬಾಯಿಗೆ ಹಾಕಿ ಉಗುಳುತ್ತಿದ್ದೆನೆಂದೂ, ಮನಸ್ಸು ಸ್ವಾಧೀನದಲ್ಲಿರಲಿಲ್ಲವೆಂದೂ ಆಕೆ ಆಮೇಲೆ ತಿಳಿಸಿದರು.

ಇಲ್ಲಿ ಪ್ರಶ್ನೆ ಕೇಳಿದ್ದು ತಪ್ಪೆನ್ನಲಾಗದು. ಹುಡುಕುವವರು ತಮ್ಮ ಪ್ರಾಣವನ್ನೂ ಪಣಕ್ಕಿಡುತ್ತಾರೆ, ಖರ್ಚು ಸಾರ್ವಜನಿಕರದು. ವಿವರ ಕೇಳುವ ಹಕ್ಕು ಅವರಿಗಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರೂ ಹೇಳಿದ್ದಾರೆ. ಆದರೆ ಪೆಟ್ಟು ತಿಂದು, ಹಸಿದು, ಭಯದಲ್ಲಿ ದಿನ ಕಳೆದವರ ಮೊದಲ ದಿನದ ಮಾತಿನಲ್ಲಿ ಹೊಂದಾಣಿಕೆ ಕಡಿಮೆಯಿದ್ದರೆ ಅದನ್ನೇ ಸುಳ್ಳಿನ ಗುರುತೆಂದು ಹಿಡಿಯಬಾರದು.

ಅನುಮಾನ ಹದ್ದು ಮೀರಿದರೆ

ಅಂಥ ತೀರ್ಮಾನ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಮತ್ತೆ ಆಸ್ಟ್ರೇಲಿಯಾದ್ದೇ ನಿದರ್ಶನವಿದೆ. 1980ರ ಆಗಸ್ಟಿನಲ್ಲಿ ಉಲುರು ಬಂಡೆಯ ಬಳಿ ಡೇರೆ ಹಾಕಿದ್ದ ಲಿಂಡಿ ಚೇಂಬರ್ಲೇನ್ ಎಂಬಾಕೆಯ ಒಂಬತ್ತು ವಾರದ ಹಸುಗೂಸು ಕಾಣೆಯಾಯಿತು. ಡಿಂಗೊ ಎಂಬ ಕಾಡುನಾಯಿ ಒಯ್ದಿತೆಂದು ತಾಯಿ ಕೂಗಿಕೊಂಡರು. ಜನ ನಂಬಲಿಲ್ಲ, ಆಕೆ ಸಾಕಷ್ಟು ಅಳಲಿಲ್ಲವೆಂಬುದೂ ಒಂದು ಆಕ್ಷೇಪಣೆಯಾಯಿತು. 1982ರಲ್ಲಿ ಕೊಲೆ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾಯಿತು. 1986ರಲ್ಲಿ ಬಂಡೆಯಿಂದ ಬಿದ್ದು ಸತ್ತ ಪ್ರವಾಸಿಯೊಬ್ಬನ ಅವಶೇಷ ಹುಡುಕುವಾಗ ಡಿಂಗೊಗಳ ಬಿಲಗಳಿದ್ದ ಕಡೆ ಮಗುವಿನ ಅಂಗಿ ಸಿಕ್ಕಿತು. ಆಕೆಯ ಬಿಡುಗಡೆಯಾಯಿತು. 1988ರಲ್ಲಿ ಶಿಕ್ಷೆ ರದ್ದಾಯಿತು. ಡಿಂಗೊ ಒಯ್ದದ್ದೇ ಸತ್ಯವೆಂದು ಮರಣ ವಿಚಾರಣಾಧಿಕಾರಿ ಬರೆದದ್ದು 2012ರಲ್ಲಿ, 32 ವರ್ಷಗಳ ನಂತರ.

ನಮ್ಮ ಸದಸ್ಯರ ಗಮನಕ್ಕೆ

ಮಳೆಗಾಲ ಕಳೆದು ಬೆಟ್ಟ ಹತ್ತುವವರ ಸಂಖ್ಯೆ ಹೆಚ್ಚುವ ದಿನಗಳಲ್ಲಿ ಈ ಕೆಲವು ಅಂಶಗಳನ್ನು ನೆನಪಿನಲ್ಲಿಟ್ಟುಕೊಂಡರೆ ಉಪಯೋಗವಾದೀತು.

1. ಯಾರಾದರೂ ಹಿಂದಿರುಗಲಿಲ್ಲವೆಂದು ತಿಳಿದ ಕೂಡಲೇ 112ಕ್ಕೆ ಮತ್ತು ಅರಣ್ಯ ಇಲಾಖೆಗೆ ತಿಳಿಸಿರಿ. ಬೆಳಗಾಗಲಿ ಎಂದು ಕಾಯಬೇಡಿ. ಕೊನೆಯದಾಗಿ ಕಂಡ ಜಾಗ, ಹೊತ್ತು, ಉಡುಪಿನ ಬಣ್ಣ ಬರೆದಿಟ್ಟುಕೊಳ್ಳಿ.

2. ಹುಡುಕುವಾಗ ಕೂಗು ಹಾಕಿ, ಸ್ವಲ್ಪ ಹೊತ್ತು ಎಲ್ಲರೂ ಮೌನವಾಗಿ ಆಲಿಸಬೇಕು. ನಿತ್ರಾಣನಾದವನ ದನಿ ದೂರ ಹೋಗದು.

3. ನೀರು ಸಿಗುವ ಕಡೆ ಹಲವು ವಾರ ಕೂಡ ಜೀವ ಉಳಿಯುವ ಸಾಧ್ಯತೆಯಿದೆ. ಮೂರನೆಯ ದಿನಕ್ಕೆ ಆಸೆ ಬಿಡಲು ಕಾರಣವಿಲ್ಲ. ಆದರೆ ನೆನೆದ ಮೈಗೆ ಗಾಳಿ ಬಡಿದರೆ ನಮ್ಮ ಘಟ್ಟದಲ್ಲೂ ಚಳಿಯಿಂದ ಪ್ರಾಣಾಪಾಯವುಂಟು. ಹಾಗಾಗಿ ಮೊದಲ ರಾತ್ರಿಯ ಹುಡುಕಾಟಕ್ಕೆ ಬೆಲೆ ಹೆಚ್ಚು.

4. ಬೆಟ್ಟಕ್ಕೆ ಹೋಗುವವರು ದಾರಿ ಕೇಳಲು ತೋಟಕ್ಕೆ ಬಂದರೆ ಒಂದು ಮಾತು ಹೇಳಿ ಕಳಿಸಿರಿ. ದಾರಿ ತಪ್ಪಿದರೆ ಇದ್ದಲ್ಲೇ ಇರಬೇಕು. ಹಳ್ಳ ಹಿಡಿದು ಇಳಿದರೆ ಘಟ್ಟದಲ್ಲಿ ಜಲಪಾತದ ನೆತ್ತಿಗೆ ಹೋಗಿ ಮುಟ್ಟುವ ಭಯವಿದೆ. ತೋಟಕ್ಕೆ ನೀರು ತರುವ ಪೈಪು ಕಣ್ಣಿಗೆ ಬಿದ್ದರೆ, ಅದು ಇಳಿದ ಕಡೆಗೆ ಹೋದಾಗ ತೋಟವೋ ಮನೆಯೋ ಸಿಗುತ್ತದೆ.

5. ಬಹುದಿನ ಹಸಿದವರು ಸಿಕ್ಕಿದರೆ ಸಂತೋಷದಿಂದ ಹೊಟ್ಟೆ ತುಂಬ ಊಟ ಬಡಿಸಬೇಡಿ. ರಕ್ತದಲ್ಲಿನ ಲವಣಾಂಶಗಳು ಒಮ್ಮೆಗೇ ಏರುಪೇರಾಗಿ ಹೃದಯ ನಿಲ್ಲಬಹುದು. ಎಚ್ಚರವಿದ್ದವರಿಗೆ ನೀರನ್ನು ಗುಟುಕು ಗುಟುಕಾಗಿ ಕೊಟ್ಟು, ಮೈ ಬೆಚ್ಚಗಿರಿಸಿ, ಎಷ್ಟು ದಿನದ ಉಪವಾಸವೆಂದು ವೈದ್ಯರಿಗೆ ತಿಳಿಸಿ ಆಸ್ಪತ್ರೆಗೆ ಸೇರಿಸಿರಿ.

6. ಎಲ್ಲಿದ್ದೆ, ಏನು ತಿಂದೆ, ಹುಲಿ ಕಂಡಿತೇ ಎಂದು ಸುತ್ತುವರಿದು ಪಾಟೀಸವಾಲು ಮಾಡುವುದು ಬೇಡ. ವಿಚಾರಣೆ ಮಾಡುವ ಕೆಲಸ ಪೊಲೀಸರದು, ಪರೀಕ್ಷೆ ವೈದ್ಯರದು. ಅವರ ವರದಿ ಬರುವ ತನಕ ಪೇಟೆಯ ಚಹದಂಗಡಿಯಲ್ಲಿ ತೀರ್ಪು ಕೊಡದಿರುವಷ್ಟು ಸಹನೆ ನಮ್ಮಲ್ಲಿರಲಿ.