ಗೋಕರ್ಣದ ಐದು ತೀರಗಳು

ಬೆಳಗಾಗುವ ಹೊತ್ತಿಗೆ ಗೋಕರ್ಣದ ಮುಖ್ಯ ಕಡಲತೀರದಲ್ಲಿ ಏಂಡಿ ಬಲೆ ಎಳೆಯುವ ಕೆಲಸ ಶುರುವಾಗಿರುತ್ತದೆ. ಬಲೆಯ ಎರಡು ತುದಿಯ ಹಗ್ಗ ಹಿಡಿದು ಎರಡು ಸಾಲು ಜನ ಮರಳಿನಲ್ಲಿ ಹಿಮ್ಮಡಿ ಊರಿ ಹಿಂದೆ ಹಿಂದೆ ಸರಿಯುತ್ತಾರೆ. ಹಗ್ಗ ದಡಕ್ಕೆ ಬಂದಂತೆಲ್ಲ ಸಾಲುಗಳೂ ಹತ್ತಿರವಾಗುತ್ತವೆ. ಕೊನೆಗೆ ಬಲೆಯ ಹೊಟ್ಟೆ ತೆರೆದುಕೊಂಡರೆ ಮಿರುಗುವ ತಾರ್ಲೆ, ಬಂಗಡೆ, ನಡುವೆ ಬಿಡಿಸಿಕೊಳ್ಳಲು ಹೆಣಗುವ ಒಂದೆರಡು ಏಡಿ. ಬುಟ್ಟಿ ಹಿಡಿದು ಕಾದಿದ್ದ ಹೆಂಗಸರು ಮುಂದೆ ಬರುತ್ತಾರೆ. ಮಾತು, ಚೌಕಾಸಿ, ಪಾಲು ಎಲ್ಲ ಅಲ್ಲೇ. ಸಮುದ್ರಸ್ನಾನ ಮುಗಿಸಿದ ಯಾತ್ರಿಕರು ಒದ್ದೆ ಪಂಚೆಯಲ್ಲಿ ಮಹಾಬಲೇಶ್ವರನ ಗುಡಿಯತ್ತ ನಡೆಯುವುದೂ ಇದೇ ಮರಳಿನ ಮೇಲೆ.

ಪೇಟೆಯಲ್ಲಿ ಕೊರಳ ತುಂಬ ಮಣಿಸರ ತೊಟ್ಟ ಹಾಲಕ್ಕಿ ಹೆಂಗಸರು ಹರಿವೆ, ಬಸಳೆ ಹರವಿ ಕೂತಿರುತ್ತಾರೆ. ಅವರ ಬೆನ್ನಹಿಂದಿನ ಅಂಗಡಿಯಲ್ಲಿ ಬಣ್ಣಬಣ್ಣದ ಜೋಳಿಗೆ ಚೀಲ, ಸಡಿಲ ಪೈಜಾಮ ತೂಗುತ್ತಿರುತ್ತವೆ.

ದಕ್ಷಿಣದ ಗುಡ್ಡ ಹತ್ತಿದರೆ ಕೆಂಪು ಚಿರೆಕಲ್ಲಿನ ನೆಲ, ಇಳಿದರೆ ಕುಡ್ಲೆ. ಅದರಾಚೆ ಓಂ. ನಡುವೆ ಚಾಚಿದ ಬಂಡೆಗಳ ಎರಡೂ ಬದಿಗೆ ಬಾಗಿದ ಮರಳದಂಡೆ ಗುಡ್ಡದ ಮೇಲಿನಿಂದ ಓಂಕಾರದಂತೆಯೇ ಕಾಣುತ್ತದೆ. ಮುಂದಿನ ಹಾಫ್‌ಮೂನ್‌ಗೆ ರಸ್ತೆಯಿಲ್ಲ. ಕಾಲುದಾರಿ ಇಲ್ಲವೇ ದೋಣಿಯೇ ಗತಿ. ಪ್ಯಾರಡೈಸ್‌ಗೆ ಅಲ್ಲಿಂದಲೂ ಮುಂದೆ ನಡೆಯಬೇಕು. ರಸ್ತೆ ಇಲ್ಲದಿರುವುದೇ ಈ ಎರಡು ತೀರಗಳನ್ನು ಇಷ್ಟು ದಿನ ಕಾದಿದೆ ಎಂದು ನಾನು ನಂಬಿದ್ದೇನೆ.

ಗೋವಾದ ಗದ್ದಲ ಬೇಡವೆಂದು ತೆಂಕಣಕ್ಕೆ ಇಳಿದ ವಿದೇಶಿ ಹಿಪ್ಪಿಗಳು ಇಲ್ಲಿ ಮೊದಮೊದಲು ತಂಗಿದ್ದು ಮಡಲು ಹೊದಿಸಿದ ಗುಡಿಸಲುಗಳಲ್ಲಿ. ಮನೆಯವರು ಉಂಡದ್ದನ್ನೇ ಅವರೂ ಉಂಡರು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಯಿತು, ಹೆದ್ದಾರಿ ಅಗಲವಾಯಿತು. ಈಗ ಶನಿವಾರ ಬೆಳಿಗ್ಗೆ ಬೆಂಗಳೂರಿನ ಬಸ್ಸುಗಳಿಂದ ಬೆನ್ನುಚೀಲದ ಹುಡುಗ ಹುಡುಗಿಯರು ಗುಂಪುಗುಂಪಾಗಿ ಇಳಿಯುತ್ತಾರೆ. ಓಂ ತೀರದ ಮೇಲಿನ ಗುಡ್ಡದಲ್ಲಿ ಹೆಂಚಿನ ಮಾಡಿನ ರೆಸಾರ್ಟ್, ಯೋಗದ ಜಗುಲಿ, ಆಯುರ್ವೇದದ ಎಣ್ಣೆಯ ಘಮ.

ರೆಸಾರ್ಟ್ ಬರಬಾರದಿತ್ತು ಎಂದು ನಾನು ಹೇಳುವುದಿಲ್ಲ. ಮೀನು ಕಡಿಮೆಯಾದ ವರ್ಷ ಮೀನುಗಾರರ ಮನೆಯ ಒಲೆ ಉರಿಸಿದ್ದು ಮಗ ಪ್ರವಾಸಿಗರಿಗೆ ನಡೆಸಿದ ದೋಣಿ, ಸೊಸೆ ಬಾಡಿಗೆಗೆ ಕೊಟ್ಟ ಕೋಣೆ. ಆದರೆ ಮೇ ತಿಂಗಳಲ್ಲಿ ಬಾವಿಯ ತಳ ಕಾಣುವಾಗ ಒಂದು ಕಡೆ ಹುಲ್ಲುಹಾಸಿಗೆ ನೀರು ಚಿಮ್ಮುತ್ತಿದ್ದರೆ, ಇನ್ನೊಂದು ಕಡೆ ಕೊಡ ಹೊತ್ತವಳಿಗೆ ಏನನ್ನಿಸೀತು? ದೋಣಿ ಎಳೆದಿಡುವ, ಬಲೆ ಹರವುವ, ಮೀನು ಒಣಗಿಸುವ ಜಾಗಕ್ಕೆ ಬೇಲಿ ಬಿದ್ದರೆ ಮೀನುಗಾರ ಎಲ್ಲಿಗೆ ಹೋಗಬೇಕು? ಕಡಲಂಚಿನ ಕಟ್ಟಡಗಳಿಗೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯದ ನಿಯಮ ಬಂದದ್ದು 1991ರಲ್ಲಿ. ಅದನ್ನು ಬಿಗಿಯಾಗಿ ಜಾರಿ ಮಾಡುವುದು ಪ್ರವಾಸೋದ್ಯಮಕ್ಕೆ ಅಡ್ಡಿಯಲ್ಲ. ಜನ ನೋಡಲು ಬರುವ ದಂಡೆ ಉಳಿಯಬೇಕಾದರೆ ಅದೇ ದಾರಿ.

ಗೋಕರ್ಣಕ್ಕೆ ಹೊರಟವರಲ್ಲಿ ಒಂದು ಮಾತು. ಒಂದು ಹೊತ್ತಾದರೂ ಊರವರ ಖಾನಾವಳಿಯಲ್ಲಿ ಉಣ್ಣಿ. ತಂದ ಬಾಟಲಿಯನ್ನು ವಾಪಸು ಒಯ್ಯಿರಿ. ಮಳೆಗಾಲದ ಕಡಲಿಗೆ ಇಳಿಯಲೇಬೇಡಿ. ಉಳಿದ ದಿನಗಳಲ್ಲೂ ಜೀವರಕ್ಷಕ ಬೇಡ ಎಂದರೆ ಮರುಮಾತಾಡದೆ ದಡಕ್ಕೆ ಬನ್ನಿ.